ನಾಲತವಾಡದ ನೆತ್ತಿಯ ಮೇಲೆ ಕಾಣದ ಅಲೆಗಳು: ಮೇಲಣ ವಾಯುಮಂಡಲದ ಬಿಸಿ–ತಂಪಿನ ಗುಟ್ಟು

ನಾಲತವಾಡ: ವೈಶಾಖದ ಇಳಿಹೊತ್ತು. ದಿನವಿಡೀ ಕಾದ ಎರೆಭೂಮಿಯ ಮೇಲೆ, ಕೃಷ್ಣೆಯ ದಿಕ್ಕಿನಲ್ಲಿ ಮೋಡವೊಂದು ಗೋಪುರದಂತೆ ಏಳುತ್ತದೆ. ಧೂಳೆಬ್ಬಿಸುವ ಗಾಳಿ, ಗುಡುಗು, ಸಿಡಿಲು. ಒಮ್ಮೆ ನಾಲ್ಕು ಹನಿ, ಒಮ್ಮೆ ಹೊಲದ ಬದು ಒಡೆಯುವಷ್ಟು ಮಳೆ. ತಾಸು ಕಳೆಯುವಷ್ಟರಲ್ಲಿ ಆಕಾಶ ತಿಳಿಯಾಗುತ್ತದೆ. ಅಡ್ಡಮಳೆ ಆಯಿತೆಂದು ಜನರು ತಮ್ಮ ಕೆಲಸಗಳಿಗೆ ಮರಳುತ್ತಾರೆ.

ಆದರೆ ಆ ಮೋಡ ಆರಂಭಿಸಿದ ಕೆಲಸ ಅಷ್ಟಕ್ಕೇ ಮುಗಿದಿರುವುದಿಲ್ಲ. ಅದು ಮೇಲಣ ಗಾಳಿಗೆ ಕೊಟ್ಟ ಪೆಟ್ಟು ಅಲೆಯ ರೂಪ ತಾಳಿ ಎತ್ತರಕ್ಕೆ ಸಾಗುತ್ತದೆ. ವಿಮಾನಗಳು ಹಾರುವ ಎತ್ತರವನ್ನು ದಾಟಿ, ಬಲೂನುಗಳು ಒಡೆಯುವ ಎತ್ತರವನ್ನೂ ದಾಟಿ, ಉಲ್ಕೆಗಳು ಉರಿದು ಹೋಗುವ 80–100 ಕಿಲೊಮೀಟರ್ ಎತ್ತರವನ್ನು ತಲುಪಿ ಅಲ್ಲಿ ಒಡೆಯುತ್ತದೆ. ಹೀಗೆ ಒಡೆಯುವ ಅಸಂಖ್ಯ ಅಲೆಗಳು ಆ ಎತ್ತರದ ಗಾಳಿಯ ದಿಕ್ಕನ್ನೂ ಉಷ್ಣಾಂಶವನ್ನೂ ಬದಲಿಸುತ್ತವೆ. ಮೇಲಣ ವಾಯುಮಂಡಲದ ಬಿಸಿ–ತಂಪನ್ನು ಸೂರ್ಯನೊಬ್ಬನೇ ನಿರ್ಧರಿಸುವುದಿಲ್ಲ, ನೆಲದ ಸಮೀಪದಲ್ಲಿ ಹುಟ್ಟುವ ಈ ಅಲೆಗಳಿಗೂ ಅದರಲ್ಲಿ ದೊಡ್ಡ ಪಾಲಿದೆ ಎಂಬುದು ಕಳೆದ ಆರು ದಶಕಗಳ ವಿಜ್ಞಾನ ಕಂಡುಕೊಂಡ ಮುಖ್ಯ ಸಂಗತಿ.

ಇದು ಪಂಡಿತರಿಗೆ ಮಾತ್ರ ಸಂಬಂಧಿಸಿದ ವಿಚಾರವೇನೂ ಅಲ್ಲ. ದೀರ್ಘಾವಧಿಯ ಹವಾಮಾನ ಮುನ್ಸೂಚನೆ, ಬೆಳೆಹಾನಿಯ ಚಿತ್ರ ತೆಗೆಯುವ ಉಪಗ್ರಹಗಳ ಆಯುಷ್ಯ, ಭೂಮಿಯ ತಾಪ ಏರಿಕೆಗೆ ಕಾರಣ ಯಾವುದೆಂಬ ತೀರ್ಮಾನ, ಇವೆಲ್ಲವೂ ಆ ಎತ್ತರದ ಲೆಕ್ಕದೊಂದಿಗೆ ಹೆಣೆದುಕೊಂಡಿವೆ.

ಏರಿದಂತೆ ತಂಪು, ಮತ್ತೆ ಬಿಸಿ, ಮತ್ತೆ ತಂಪು

ಎತ್ತರ ಏರಿದಂತೆ ಗಾಳಿ ತಂಪಾಗುತ್ತ ಹೋಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಆರಂಭದ ಹಂತದಲ್ಲಿ ಅದು ನಿಜ. ನೆಲದಿಂದ ಮೇಲಕ್ಕೆ ಪ್ರತಿ ಕಿಲೊಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಂತೆ ಉಷ್ಣಾಂಶ ಇಳಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಸುಮಾರು 16–17 ಕಿಲೊಮೀಟರ್ ಎತ್ತರಕ್ಕೆ ಹೋದರೆ ಅಲ್ಲಿ ಶೂನ್ಯಕ್ಕಿಂತ 80 ಡಿಗ್ರಿಯಷ್ಟು ಕೆಳಗಿನ ಚಳಿ. ಮೇ ತಿಂಗಳಲ್ಲಿ ನಾಲತವಾಡದ ಬೀದಿಯಲ್ಲಿ 40 ಡಿಗ್ರಿ ಬಿಸಿಲಿದ್ದಾಗಲೂ ನೇರ ನೆತ್ತಿಯ ಮೇಲೆ ಇಷ್ಟು ಕಡು ಚಳಿ ಇದ್ದೇ ಇರುತ್ತದೆ. ಮಳೆ, ಮೋಡ, ಸಿಡಿಲುಗಳ ವ್ಯವಹಾರವೆಲ್ಲ ನಡೆಯುವ ಈ ಕೆಳಪದರಕ್ಕೆ ಪರಿವರ್ತನ ಮಂಡಲ ಎಂದು ಹೆಸರು.

ಅಲ್ಲಿಂದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ. ಮುಂದಿನದು ಸಮೋಷ್ಣ ಮಂಡಲ. ಅಲ್ಲಿರುವ ಓಜೋನ್ ಅನಿಲ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಆದ್ದರಿಂದ 50 ಕಿಲೊಮೀಟರ್ ಎತ್ತರದ ಹೊತ್ತಿಗೆ ಉಷ್ಣಾಂಶ ಮತ್ತೆ ಶೂನ್ಯದ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅದರ ಮೇಲೆ ಮಧ್ಯಂತರ ಮಂಡಲ. ಇಲ್ಲಿ ಪುನಃ ಇಳಿಕೆ. ಸುಮಾರು 90 ಕಿಲೊಮೀಟರ್ ಎತ್ತರದಲ್ಲಿ ಶೂನ್ಯಕ್ಕಿಂತ 90 ಡಿಗ್ರಿಯಷ್ಟು ಕೆಳಗೆ. ಅಲ್ಲಿಂದಾಚೆ ಉಷ್ಣತಾ ಮಂಡಲ. ಸೂರ್ಯನ ಕ್ಷಕಿರಣ ಮತ್ತು ಅತಿನೇರಳೆ ಕಿರಣಗಳನ್ನು ನೇರವಾಗಿ ಹೀರುವ ಈ ಪದರದಲ್ಲಿ ಉಷ್ಣಾಂಶ 500ರಿಂದ 1500 ಡಿಗ್ರಿಯವರೆಗೆ ಏರಿಳಿಯುತ್ತದೆ.

ಹಾಗೆಂದು ಅಲ್ಲಿ ಕೈ ಚಾಚಿದರೆ ಸುಟ್ಟೀತು ಎಂದು ಭಾವಿಸಬೇಕಾಗಿಲ್ಲ. ಅಲ್ಲಿನ ಒಂದೊಂದು ಕಣದ ವೇಗ ಬಹಳ, ಆದರೆ ಕಣಗಳ ಸಂಖ್ಯೆ ಅತಿ ವಿರಳ. ಕುದಿಯುವ ನೀರಿನ ಒಂದು ಹನಿ ಕೊಡದಷ್ಟು ನೀರನ್ನು ಕಾಯಿಸಲಾರದು; ಅದರಂತೆಯೇ ಇದು.

ವಾಯುಮಂಡಲ ಹೀಗೆ ಪದರ ಪದರವಾಗಿದೆ ಎಂಬ ಸುಳಿವು ಸಿಕ್ಕಿದ್ದು 1902ರಲ್ಲಿ. ಫ್ರಾನ್ಸಿನ ಲಿಯಾನ್ ಟೈಸೆರಾಂಕ್ ದ ಬೋರ್ ನೂರಾರು ಬಲೂನುಗಳನ್ನು ಹಾರಿಸಿ, ಒಂದು ಎತ್ತರದ ನಂತರ ಉಷ್ಣಾಂಶದ ಇಳಿಕೆ ನಿಂತುಹೋಗುವುದನ್ನು ತೋರಿಸಿದರು. ಉಪಕರಣವೇ ಕೆಟ್ಟಿರಬೇಕೆಂಬ ಶಂಕೆ ಸಹಜವಾಗಿದ್ದ ಕಾಲವದು. ಮತ್ತೆ ಮತ್ತೆ ಹಾರಿಸಿ ನೋಡಿದ ಮೇಲೆಯೇ ಸಮೋಷ್ಣ ಮಂಡಲದ ಅಸ್ತಿತ್ವ ಸ್ಥಿರಪಟ್ಟಿತು.

ಅಲೆ ಹುಟ್ಟುವ ಬಗೆ

ಬಾವಿಗೆ ಕಲ್ಲೆಸೆದರೆ ನೀರು ಒಮ್ಮೆ ತಗ್ಗಿ ಮತ್ತೆ ಉಬ್ಬುತ್ತದೆ, ಉಂಗುರ ಉಂಗುರವಾಗಿ ಅಲೆ ಹರಡುತ್ತದೆ. ಮೇಲೆದ್ದ ನೀರನ್ನು ಭೂಮಿಯ ಗುರುತ್ವ ಕೆಳಗೆಳೆಯುವುದೇ ಇದಕ್ಕೆ ಕಾರಣ. ಗಾಳಿಯಲ್ಲಿಯೂ ನಡೆಯುವುದು ಇದೇ. ಪದರಗಳು ಸ್ಥಿರವಾಗಿರುವ ಕಡೆ ಗಾಳಿಯ ಒಂದು ತುಂಡನ್ನು ಮೇಲಕ್ಕೆ ತಳ್ಳಿದರೆ ಅದು ಹಿಗ್ಗಿ ತಂಪಾಗುತ್ತದೆ, ಸುತ್ತಲಿನ ಗಾಳಿಗಿಂತ ಭಾರವಾಗಿ ಕೆಳಗಿಳಿಯುತ್ತದೆ. ಇಳಿಯುವ ಭರದಲ್ಲಿ ತನ್ನ ಮೂಲಸ್ಥಾನವನ್ನೂ ದಾಟಿ ಕೆಳಗೆ ಹೋಗಿ, ಕುಗ್ಗಿ ಬಿಸಿಯಾಗಿ, ಮತ್ತೆ ಮೇಲೇರುತ್ತದೆ. ತೊಟ್ಟಿಲಿನಂತೆ ತೂಗುವ ಈ ಚಲನೆ ಪಕ್ಕದ ಗಾಳಿಗೂ ಹಬ್ಬಿ ಅಲೆಯಾಗುತ್ತದೆ. ಇದನ್ನು ವಿಜ್ಞಾನಿಗಳು ಗುರುತ್ವ ಅಲೆ ಎಂದು ಕರೆಯುತ್ತಾರೆ. ಕಪ್ಪುರಂಧ್ರಗಳ ಡಿಕ್ಕಿಯಿಂದ ಹುಟ್ಟುವ ಗುರುತ್ವಾಕರ್ಷಣ ಅಲೆಗಳು ಬೇರೆ, ಇವು ಬೇರೆ.

ಈ ಅಲೆಗಳಿಗೆ ಹುಟ್ಟುತಾಣಗಳು ಹಲವು. ಪಶ್ಚಿಮ ಘಟ್ಟಗಳಂಥ ಬೆಟ್ಟಸಾಲಿಗೆ ಬಡಿದು ಮೇಲೇರುವ ಗಾಳಿ ಒಂದು. ಉತ್ತರ ಕರ್ನಾಟಕದ ಬೇಸಿಗೆಯ ಗುಡುಗುಮೋಡ ಇನ್ನೊಂದು. ಬಿಸಿ ಗಾಳಿಯ ಕಂಬ ರಭಸದಿಂದ ಏರಿ 16 ಕಿಲೊಮೀಟರ್ ಎತ್ತರದ ಗಡಿಗೆ ಕೆಳಗಿನಿಂದ ಗುದ್ದುತ್ತದೆ. ಆ ಗುದ್ದಿಗೆ ಮೇಲಿನ ಸ್ಥಿರ ಪದರ ಓಲಾಡತೊಡಗುತ್ತದೆ. ಹತ್ತಾರು ನಿಮಿಷಗಳಿಂದ ಹಲವು ತಾಸುಗಳವರೆಗಿನ ಆವರ್ತದ ಅಲೆಗಳು ಹೀಗೆ ಹೊರಡುತ್ತವೆ. ದೊಡ್ಡ ಗುಡುಗುಮೋಡಗಳ ಮೇಲ್ಭಾಗದಲ್ಲಿ, ಸುಮಾರು 87 ಕಿಲೊಮೀಟರ್ ಎತ್ತರದ ಮಂದಪ್ರಕಾಶದ ಪದರದಲ್ಲಿ ಬಾವಿಯ ನೀರಿನಂತೆಯೇ ಉಂಗುರಗಳು ಹರಡುವುದನ್ನು ವಿಶೇಷ ಕ್ಯಾಮೆರಾಗಳು ಸೆರೆಹಿಡಿದಿವೆ.

ಏರಿದಂತೆ ಅಲೆಗಳು ದುರ್ಬಲವಾಗಬೇಕಲ್ಲವೇ ಎಂಬ ಪ್ರಶ್ನೆ ಏಳಬಹುದು. ವಾಸ್ತವ ಇದಕ್ಕೆ ವಿರುದ್ಧ. ಎತ್ತರ ಏರಿದಂತೆ ಗಾಳಿ ತೆಳುವಾಗುತ್ತದೆ. ನೆಲಮಟ್ಟಕ್ಕೆ ಹೋಲಿಸಿದರೆ 90 ಕಿಲೊಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಮೂರೂವರೆ ಲಕ್ಷದಲ್ಲಿ ಒಂದು ಪಾಲು ಮಾತ್ರ. ಅಲೆಯ ಶಕ್ತಿ ಅಷ್ಟೇ ಇದ್ದು ಅದನ್ನು ಹೊರುವ ಗಾಳಿ ಕಡಿಮೆಯಾದರೆ ತೂಗಾಟ ದೊಡ್ಡದಾಗಲೇಬೇಕು. ಚಾಟಿಯ ಹಿಡಿಯ ಬಳಿ ಕೈ ಅಲುಗಿಸಿದ್ದು ಸ್ವಲ್ಪವೇ ಆದರೂ ತೆಳ್ಳಗಿನ ತುದಿ ರಭಸದಿಂದ ಬೀಸಿ ಸಿಡಿಯುವ ಹಾಗೆ. ನಡುದಾರಿಯಲ್ಲಿ ನಷ್ಟವೇನೂ ಆಗದಿದ್ದರೆ ನೆಲದ ಬಳಿ ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟಿದ್ದ ಕದಲಿಕೆ ಅಲ್ಲಿ ಸುಮಾರು ಆರುನೂರು ಪಟ್ಟು ಬೆಳೆದು ಸೆಕೆಂಡಿಗೆ ಆರು ಮೀಟರ್ ಆಗಬಲ್ಲದು ಎಂಬುದು ಲೆಕ್ಕ.

ಬೆಳೆಯುತ್ತ ಹೋದ ಅಲೆ ತನ್ನ ಭಾರ ತಾನೇ ತಾಳಲಾರದೆ ಕಡಲತೀರದ ತೆರೆಯಂತೆ ಮಗುಚುತ್ತದೆ. ಆಗ ತಾನು ಹೊತ್ತು ತಂದ ನೂಕುಬಲವನ್ನು ಅಲ್ಲಿನ ಗಾಳಿಗೆ ಒಪ್ಪಿಸುತ್ತದೆ. ಉಲ್ಕೆಗಳು ಬಿಟ್ಟುಹೋದ ಹೊಗೆಗೆರೆಗಳು ಆ ಎತ್ತರದಲ್ಲಿ ಸೊಟ್ಟಸೊಟ್ಟವಾಗಿ ತಿರುಚಿಕೊಳ್ಳುವುದೇಕೆ ಎಂಬ ಒಗಟಿಗೆ ಈ ಅಲೆಗಳೇ ಉತ್ತರವೆಂದು ಕಾಲಿನ್ ಹೈನ್ಸ್ ಎಂಬ ವಿಜ್ಞಾನಿ 1960ರಲ್ಲಿ ವಾದಿಸಿದರು. ಅಲ್ಲಿಂದ ಈ ಶಾಸ್ತ್ರ ಗಟ್ಟಿಯಾಗಿ ಬೇರೂರಿತು.

ಬೇಸಿಗೆಯಲ್ಲಿ ಕಡುಚಳಿ

ಅಲೆಗಳ ಬಲ ಎಷ್ಟೆಂಬುದಕ್ಕೆ ಧ್ರುವಪ್ರದೇಶದ ಆಕಾಶ ಸಾಕ್ಷಿ. ಬೇಸಿಗೆಯಲ್ಲಿ ಅಲ್ಲಿ 24 ತಾಸೂ ಬಿಸಿಲು. ಆದರೂ ವಾಯುಮಂಡಲದಲ್ಲಿಯೇ ಅತ್ಯಂತ ತಣ್ಣನೆಯ ಜಾಗ ಇರುವುದು ಅದೇ ಬೇಸಿಗೆಯ ಧ್ರುವದ ಮೇಲೆ, 85–90 ಕಿಲೊಮೀಟರ್ ಎತ್ತರದಲ್ಲಿ. ಅಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 130 ಡಿಗ್ರಿಗೂ ಕೆಳಗಿಳಿಯುತ್ತದೆ. ಕತ್ತಲು ಕವಿದ ಚಳಿಗಾಲದ ಧ್ರುವದ ಮೇಲೆ ಅದೇ ಎತ್ತರದ ಗಾಳಿ ಅದಕ್ಕಿಂತ ಹತ್ತಾರು ಡಿಗ್ರಿ ಬೆಚ್ಚಗಿರುತ್ತದೆ.

ಬಿಸಿಲಿನ ಲೆಕ್ಕದಿಂದ ಇದನ್ನು ವಿವರಿಸಲಾಗದು. ಒಡೆಯುವ ಗುರುತ್ವ ಅಲೆಗಳು ಆ ಎತ್ತರದ ಗಾಳಿಯನ್ನು ಬೇಸಿಗೆಯ ಧ್ರುವದಿಂದ ಚಳಿಗಾಲದ ಧ್ರುವದ ಕಡೆಗೆ ತಳ್ಳುತ್ತವೆ. ಖಾಲಿಯಾದ ಜಾಗ ತುಂಬಲು ಬೇಸಿಗೆಯ ಧ್ರುವದಲ್ಲಿ ಕೆಳಗಿನ ಗಾಳಿ ಮೇಲೇರುತ್ತದೆ, ಏರುತ್ತ ಹಿಗ್ಗಿ ತಂಪಾಗುತ್ತದೆ. ಅತ್ತ ಚಳಿಗಾಲದ ಧ್ರುವದಲ್ಲಿ ಗಾಳಿ ಕೆಳಗಿಳಿದು, ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಸೈಕಲ್ ಪಂಪಿನಿಂದ ಗಾಳಿ ತುಂಬುವಾಗ ಪಂಪಿನ ತಳ ಬಿಸಿಯಾಗುವುದಕ್ಕೂ ಇದಕ್ಕೂ ಮೂಲತತ್ತ್ವ ಒಂದೇ.

ಇನ್ನು ಸಾವಿರಾರು ಕಿಲೊಮೀಟರ್ ಉದ್ದದ ಗ್ರಹಪ್ರಮಾಣದ ಅಲೆಗಳೂ ಇವೆ. ಚಳಿಗಾಲದಲ್ಲಿ ಉತ್ತರ ಗೋಳಾರ್ಧದ ಪರ್ವತಗಳು ಮತ್ತು ನೆಲ–ಕಡಲುಗಳ ಉಷ್ಣಾಂಶದ ವ್ಯತ್ಯಾಸದಿಂದ ಹುಟ್ಟುವ ಇವು ಕೆಲವು ವರ್ಷ ಧ್ರುವದ ಸಮೋಷ್ಣ ಮಂಡಲವನ್ನು ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಬಿಸಿಮಾಡಿಬಿಡುತ್ತವೆ. 2009ರ ಜನವರಿಯಲ್ಲಿ ನಡೆದದ್ದು ಇಂಥ ಪ್ರಬಲ ಘಟನೆಗಳಲ್ಲೊಂದು. ಧ್ರುವ ಬಿಸಿಯಾದ ಅದೇ ವೇಳೆ ನಮ್ಮಂಥ ಉಷ್ಣವಲಯದ ಮೇಲಿನ ಸಮೋಷ್ಣ ಮಂಡಲ ತಂಪಾಗುತ್ತದೆ. ಅಲ್ಲಿನ ಹೊರಳಾಟ ಇಲ್ಲಿಯವರೆಗೆ ತಲುಪುತ್ತದೆ ಎಂಬುದು ಗಮನಾರ್ಹ.

ದಿನಕ್ಕೆರಡು ಸಲ ಗಾಳಿಯ ಉಬ್ಬರ

ಕಡಲಿಗೆ ಉಬ್ಬರವಿಳಿತ ಇರುವಂತೆ ಗಾಳಿಗೂ ಉಂಟು. ಕಡಲಿನದು ಮುಖ್ಯವಾಗಿ ಚಂದ್ರನಿಂದಾದರೆ ಗಾಳಿಯದು ಸೂರ್ಯನಿಂದ. ಹಗಲಿನ ಬಿಸಿಲಿಗೆ ಕೆಳಗಿನ ನೀರಾವಿ ಮತ್ತು ಮೇಲಿನ ಓಜೋನ್ ಕಾಯುತ್ತವೆ, ರಾತ್ರಿ ತಣಿಯುತ್ತವೆ. ಈ ನಿತ್ಯದ ಬಡಿತಕ್ಕೆ ಇಡೀ ವಾಯುಮಂಡಲ ತಾಳ ಹಾಕುತ್ತದೆ.

ಇದನ್ನು ನೋಡಲು ರಾಕೆಟ್ ಬೇಕಿಲ್ಲ. ಉಷ್ಣವಲಯದ ಯಾವ ಊರಿನಲ್ಲಾದರೂ ಒಂದು ಒಳ್ಳೆಯ ವಾಯುಭಾರ ಮಾಪಕವನ್ನಿಟ್ಟು ಗಮನಿಸಿದರೆ ಸಾಕು. ಬೆಳಗಿನ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಒತ್ತಡ ಏರಿರುತ್ತದೆ. ಬೆಳಗಿನ ಜಾವ ನಾಲ್ಕು ಮತ್ತು ಮಧ್ಯಾಹ್ನ ನಾಲ್ಕರ ಸುಮಾರಿಗೆ ಇಳಿದಿರುತ್ತದೆ. ಏರಿಳಿತ ಒಂದೆರಡು ಹೆಕ್ಟೊಪ್ಯಾಸ್ಕಲ್ ಮಾತ್ರ. ನೆಲದಲ್ಲಿ ಇಷ್ಟು ಸೌಮ್ಯವಾದ ಈ ಉಬ್ಬರವೇ ಮೇಲೇರುತ್ತ ಬೆಳೆದು, 90–100 ಕಿಲೊಮೀಟರ್ ಎತ್ತರದಲ್ಲಿ ಒಂದೇ ದಿನದೊಳಗೆ ಉಷ್ಣಾಂಶವನ್ನು ಹತ್ತಾರು ಡಿಗ್ರಿ ಏರಿಳಿಸುತ್ತದೆ.

ನೆರೆಯಲ್ಲೇ ನಡೆದ ಅಳತೆ

ಈ ಎತ್ತರವನ್ನು ಅಳೆಯುವುದು ಸುಲಭವಲ್ಲ. ಹವಾಮಾನ ಇಲಾಖೆ ಹಾರಿಸುವ ಬಲೂನುಗಳು 30–35 ಕಿಲೊಮೀಟರ್ ಎತ್ತರದಲ್ಲಿ ಒಡೆದುಹೋಗುತ್ತವೆ. ಉಪಗ್ರಹಗಳು ನೂರಾರು ಕಿಲೊಮೀಟರ್ ಮೇಲೆಯೇ ಸುತ್ತಬೇಕು, ಕೆಳಗಿಳಿದರೆ ಉರಿದುಹೋಗುತ್ತವೆ. ನಡುವಿನ ಪ್ರದೇಶ ಬಲೂನಿಗೆ ಎಟುಕದು, ಉಪಗ್ರಹಕ್ಕೆ ನಿಲುಕದು. ಅದಕ್ಕೆಂದೇ ವಿಜ್ಞಾನಿಗಳು ತಮಾಷೆಯಾಗಿ ಅದನ್ನು ‘ಅಜ್ಞಾನ ಮಂಡಲ’ ಎಂದು ಕರೆಯುವುದುಂಟು.

ಭಾರತದ ಬಾಹ್ಯಾಕಾಶ ಯಾತ್ರೆ ಆರಂಭವಾದದ್ದೇ ಈ ಪ್ರದೇಶವನ್ನು ಅರಿಯುವ ಪ್ರಯತ್ನದಿಂದ ಎಂಬುದನ್ನು ಅನೇಕರು ಮರೆತಿರಬಹುದು. 1963ರ ನವೆಂಬರ್ 21ರ ಸಂಜೆ ಕೇರಳದ ತುಂಬಾ ಗ್ರಾಮದಿಂದ ಹಾರಿದ ಮೊದಲ ರಾಕೆಟ್ ಹೊತ್ತೊಯ್ದದ್ದು ಸೋಡಿಯಂ ಆವಿಯನ್ನು. ಮುಸ್ಸಂಜೆಯ ಆಕಾಶದಲ್ಲಿ ಆ ಆವಿಯ ಬಣ್ಣದ ಗೆರೆ ಯಾವ ಕಡೆಗೆ ಬಾಗುತ್ತದೆ ಎಂಬುದನ್ನು ನೋಡಿ ಮೇಲಣ ಗಾಳಿಯ ವೇಗ ಅಳೆಯುವುದು ಉದ್ದೇಶವಾಗಿತ್ತು. ಅನಂತರ ಅದೇ ತಾಣದಿಂದ ವರ್ಷಗಟ್ಟಲೆ ವಾರಕ್ಕೊಂದರಂತೆ ಸೋವಿಯತ್ ನಿರ್ಮಿತ ಎಂ–100 ರಾಕೆಟ್‌ಗಳನ್ನು ಹಾರಿಸಿ 80 ಕಿಲೊಮೀಟರ್‌ವರೆಗಿನ ಉಷ್ಣಾಂಶವನ್ನು ದಾಖಲಿಸಲಾಯಿತು.

ತಿರುಪತಿ ಸಮೀಪದ ಗಾದಂಕಿಯಲ್ಲಿ 1990ರ ದಶಕದ ಆರಂಭದಲ್ಲಿ ದೊಡ್ಡ ರೇಡಾರ್ ಒಂದು ಸಿದ್ಧವಾಯಿತು. 130 ಮೀಟರ್ ಉದ್ದಗಲದ ಬಯಲಿನಲ್ಲಿ 1024 ಆಂಟೆನಾಗಳನ್ನು ಸಾಲಾಗಿ ನೆಟ್ಟು, ರೇಡಿಯೊ ಅಲೆಗಳನ್ನು ನೆತ್ತಿಯತ್ತ ಕಳುಹಿಸಿ, ಮರಳಿ ಬರುವ ಕ್ಷೀಣ ಪ್ರತಿಧ್ವನಿಯಿಂದ ಗಾಳಿಯ ಚಲನೆಯನ್ನು ಅದು ಓದುತ್ತದೆ. 1998ರಲ್ಲಿ ಜಪಾನಿನ ಸಹಯೋಗದಲ್ಲಿ ಅಲ್ಲಿಯೇ ಲೇಸರ್ ಉಪಕರಣವೂ ಬಂದಿತು. ರಾತ್ರಿ ಹೊತ್ತು ಹಸಿರು ಲೇಸರ್ ಕಿರಣವನ್ನು ಮೇಲಕ್ಕೆ ಬಿಟ್ಟು, ಗಾಳಿಯ ಕಣಗಳಿಂದ ಚೆದುರಿ ಬರುವ ಬೆಳಕನ್ನು ದೂರದರ್ಶಕದಿಂದ ಎಣಿಸಿ, 30ರಿಂದ 80 ಕಿಲೊಮೀಟರ್‌ವರೆಗಿನ ಉಷ್ಣಾಂಶ ಕಂಡುಹಿಡಿಯುವ ವಿಧಾನವಿದು. ಈ ಕೇಂದ್ರವೇ ಇಂದಿನ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯ.

ವಿಜಯಪುರ ಜಿಲ್ಲೆಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಗಡಿಯಾಚೆಯ ಕೊಲ್ಹಾಪುರ. ಅಲ್ಲಿನ ಶಿವಾಜಿ ವಿಶ್ವವಿದ್ಯಾಲಯದ ಆವರಣದಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ಮಧ್ಯಮ ತರಂಗದ ರೇಡಾರ್ ಸ್ಥಾಪಿಸಿತು. 70ರಿಂದ 98 ಕಿಲೊಮೀಟರ್ ಎತ್ತರದ ಗಾಳಿಯನ್ನು ಅಳೆಯುವ ಈ ಉಪಕರಣದ ಜೊತೆಗೆ, ರಾತ್ರಿಯ ಆಕಾಶದ ಮಂದಪ್ರಕಾಶವನ್ನು ಗ್ರಹಿಸಿ ಅದರಿಂದ ಆ ಎತ್ತರದ ಉಷ್ಣಾಂಶ ತಿಳಿಯುವ ಅಧ್ಯಯನಗಳೂ ಅಲ್ಲಿ ನಡೆದಿವೆ. ನಾಲತವಾಡದಿಂದ ಕೊಲ್ಹಾಪುರ ನೇರ ದೂರದಲ್ಲಿ ಸುಮಾರು 220 ಕಿಲೊಮೀಟರ್. ಅಕ್ಷಾಂಶವೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ಅಲ್ಲಿ ಕಂಡ ಬಿಸಿ–ತಂಪಿನ ದಿನಚರಿ ನಮ್ಮ ನೆತ್ತಿಯ ಮೇಲಿನದಕ್ಕೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ನೆರಳೂ ಅಲೆ ಎಬ್ಬಿಸೀತು

1980ರ ಫೆಬ್ರುವರಿ 16ನ್ನು ಈ ಭಾಗದ ಹಿರಿಯರು ಮರೆತಿರಲಾರರು. ಅಂದು ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರ–ಅಂಕೋಲಾ ತೀರದಿಂದ ನೆಲಕ್ಕೇರಿ ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಗಳ ಮೇಲೆ ಹಾಯ್ದುಹೋಯಿತು. ನೆರಳಿನ ನಡುಗೆರೆ ನಾಲತವಾಡಕ್ಕೆ ದಕ್ಷಿಣದಲ್ಲಿ ಸಾಗಿತು. ಹೆಚ್ಚಿನ ಜನರು ಬಾಗಿಲು ಹಾಕಿಕೊಂಡು ಮನೆಯೊಳಗೇ ಉಳಿದ ದಿನವದು.

ಗ್ರಹಣಕ್ಕೂ ಅಲೆಗಳಿಗೂ ಏನು ಸಂಬಂಧ? ಚಂದ್ರನ ನೆರಳು ಬಿದ್ದಲ್ಲಿ ಬಿಸಿಲಿನ ಕಾವು ಒಮ್ಮೆಲೇ ನಿಲ್ಲುತ್ತದೆ. ಓಜೋನ್ ಪದರ ತಟ್ಟನೆ ತಂಪಾಗುತ್ತದೆ. ಈ ತಂಪಿನ ಪಟ್ಟಿ ಶಬ್ದಕ್ಕಿಂತ ವೇಗವಾಗಿ ಓಡುತ್ತದೆ. ನೀರಿನಲ್ಲಿ ವೇಗವಾಗಿ ಸಾಗುವ ದೋಣಿಯ ಹಿಂದೆ ಬಾಣದ ಆಕಾರದ ಅಲೆ ಏಳುವಂತೆ ನೆರಳಿನ ಹಿಂದೆಯೂ ಗಾಳಿಯ ಅಲೆ ಏಳಬೇಕು ಎಂದು ಚಿಮೊನಾಸ್ ಮತ್ತು ಹೈನ್ಸ್ 1970ರಲ್ಲಿ ಲೆಕ್ಕ ಹಾಕಿ ಹೇಳಿದ್ದರು. ಸ್ಪಷ್ಟ ಚಿತ್ರ ದೊರೆಯಲು ದಶಕಗಳೇ ಹಿಡಿದವು. 2017ರ ಆಗಸ್ಟ್ 21ರ ಗ್ರಹಣದಲ್ಲಿ ಅಮೆರಿಕದಾದ್ಯಂತ ಹರಡಿದ್ದ ಜಿಪಿಎಸ್ ಗ್ರಾಹಕಗಳು ಅಂಥದೇ ಬಾಣಾಕಾರದ ಅಲೆಯನ್ನು ಆಯಾನು ಮಂಡಲದಲ್ಲಿ ಗುರುತಿಸಿದವು. ನಮ್ಮ ದೇಶದಲ್ಲಿಯೂ 2010ರ ಜನವರಿ 15ರ ಕಂಕಣ ಗ್ರಹಣದ ಸಂದರ್ಭದಲ್ಲಿ ಇಸ್ರೊ ಸಂಸ್ಥೆ ತುಂಬಾ ಮತ್ತು ಶ್ರೀಹರಿಕೋಟಾಗಳಿಂದ ರಾಕೆಟ್‌ಗಳ ಸರಣಿಯನ್ನೇ ಹಾರಿಸಿ ಮೇಲಣ ಗಾಳಿಯ ಬದಲಾವಣೆಯನ್ನು ಅಳೆಯಿತು.

ಇನ್ನೂ ದೂರದಿಂದ ಬಂದ ಅಲೆಯೊಂದು ನಮ್ಮ ಮೇಲೆ ಸದ್ದಿಲ್ಲದೆ ಹಾದುಹೋಗಿದೆ. 2022ರ ಜನವರಿ 15ರಂದು ಪೆಸಿಫಿಕ್ ಸಾಗರದ ಟೊಂಗಾ ಬಳಿ ಹುಂಗಾ ಜ್ವಾಲಾಮುಖಿ ಸ್ಫೋಟಿಸಿತು. ನಮ್ಮಲ್ಲಿ ಆಗ ಸಂಕ್ರಾಂತಿಯ ಎಳ್ಳು–ಬೆಲ್ಲ ಹಂಚುವ ದಿನಗಳು. ಸ್ಫೋಟದ ಒತ್ತಡದ ಅಲೆ ತಾಸಿಗೆ ಸಾವಿರ ಕಿಲೊಮೀಟರಿಗೂ ಹೆಚ್ಚಿನ ವೇಗದಲ್ಲಿ ಹರಡಿ ಭೂಮಿಯನ್ನು ಹಲವು ಬಾರಿ ಸುತ್ತಿತು. ಇಲ್ಲಿಗೆ ಸುಮಾರು ಹನ್ನೆರಡೂವರೆ ಸಾವಿರ ಕಿಲೊಮೀಟರ್. ಬೆಳಗಿನ ಹತ್ತರೊಳಗೆ ಅಲ್ಲಿ ಹೊರಟ ಅಲೆ ಲೆಕ್ಕದ ಪ್ರಕಾರ ಅದೇ ರಾತ್ರಿ ಎಂಟೂವರೆ–ಒಂಬತ್ತರ ಸುಮಾರಿಗೆ ಮುದ್ದೇಬಿಹಾಳ ಸೀಮೆಯನ್ನು ದಾಟಿರಬೇಕು. ಚೆನ್ನೈನಂಥ ನಗರಗಳ ವಾಯುಭಾರ ಮಾಪಕಗಳು ಆ ರಾತ್ರಿ ಅದರ ಕುರುಹನ್ನು ದಾಖಲಿಸಿದವು. ಸ್ಫೋಟದ ಹೊಗೆ 57 ಕಿಲೊಮೀಟರ್ ಎತ್ತರಕ್ಕೆ ಚಿಮ್ಮಿ, ಸಮೋಷ್ಣ ಮಂಡಲದ ನೀರಾವಿಯನ್ನು ಶೇಕಡ 10ರಷ್ಟು ಹೆಚ್ಚಿಸಿತು.

ಮಳೆಗೂ ಇದಕ್ಕೂ ನಂಟಿದೆಯೇ?

ಮೇಲಿನ ಅಲೆಗಳ ಲೆಕ್ಕದಿಂದ ನಾಳೆ ಮುದ್ದೇಬಿಹಾಳದಲ್ಲಿ ಮಳೆ ಬೀಳುವುದೋ ಇಲ್ಲವೋ ಹೇಳಲಾಗದು. ಹಾಗೆ ಹೇಳುವವರಿದ್ದರೆ ನಂಬಬೇಕಾಗಿಯೂ ಇಲ್ಲ. ನಂಟು ಇರುವುದು ತಿಂಗಳು, ಋತುಗಳ ಪ್ರಮಾಣದಲ್ಲಿ.

ಭೂಮಧ್ಯರೇಖೆಯ ಮೇಲೆ, ಸಮೋಷ್ಣ ಮಂಡಲದಲ್ಲಿ, ಗಾಳಿ ಸುಮಾರು ಒಂದು ವರ್ಷಕ್ಕೂ ಹೆಚ್ಚು ಕಾಲ ಪೂರ್ವದಿಂದ ಬೀಸಿ, ಅನಂತರ ತಿರುಗಿ ಪಶ್ಚಿಮದಿಂದ ಬೀಸುತ್ತದೆ. ಈ ಪೂರ್ಣ ಸುತ್ತಿಗೆ ಸರಾಸರಿ 28 ತಿಂಗಳು. ಋತುಚಕ್ರಕ್ಕೂ ಹೊಂದದ, ಸೂರ್ಯನ ಚಕ್ರಕ್ಕೂ ಹೊಂದದ ಈ ವಿಚಿತ್ರ ತಾಳ ಬೆಳಕಿಗೆ ಬಂದದ್ದು 1960ರ ಸುಮಾರಿಗೆ. ಕೆಳಗಿನ ಉಷ್ಣವಲಯದ ಮೋಡಗಳಿಂದ ಏಳುವ ಅಲೆಗಳೇ ಈ ಗಾಳಿಯನ್ನು ಸರದಿಯಂತೆ ತಿರುಗಿಸುತ್ತವೆ ಎಂದು ಲಿಂಡ್ಜನ್ ಮತ್ತು ಹೋಲ್ಟನ್ 1968ರಲ್ಲಿ ತೋರಿಸಿದರು. ಗಡಿಯಾರದಂತೆ ನಡೆಯುತ್ತಿದ್ದ ಈ ತಾಳ 2016ರಲ್ಲಿ ಮೊದಲ ಬಾರಿ ದಾಖಲೆಯಲ್ಲಿ ತಪ್ಪಿತು.

ಉಷ್ಣವಲಯದಲ್ಲಿ ಪೂರ್ವಾಭಿಮುಖವಾಗಿ ಸಾಗುವ ಮಳೆಮೋಡಗಳ ಮಹಾಸಮೂಹವೊಂದಿದ್ದು, ಚಳಿಗಾಲದ ತಿಂಗಳುಗಳಲ್ಲಿ ಅದರ ಬಲ ಈ ಮೇಲಿನ ಗಾಳಿಯ ದಿಕ್ಕಿಗೆ ತಕ್ಕಂತೆ ಬದಲಾಗುವುದು ಕಂಡುಬಂದಿದೆ. ಮುಂಗಾರಿನ ಮಟ್ಟಿಗೆ ಅಷ್ಟು ಸ್ಪಷ್ಟವಾದ ನಂಟು ಸ್ಥಾಪಿತವಾಗಿಲ್ಲ. ಆದರೂ ಋತುಮಾನದ ಮುನ್ಸೂಚನೆ ಸುಧಾರಿಸಬೇಕಾದರೆ ಮೇಲಿನ ಪದರವನ್ನು ಲೆಕ್ಕದಿಂದ ಬಿಡುವಂತಿಲ್ಲ.

ಇಲ್ಲೊಂದು ತೊಡಕಿದೆ. ಗಣಕಯಂತ್ರದ ಹವಾಮಾನ ಮಾದರಿಗಳು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತವೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನ ಚೌಕ ಆರು ಕಿಲೊಮೀಟರಿನದು. ಹಲವು ಗುರುತ್ವ ಅಲೆಗಳು ಇಂಥ ಚೌಕಕ್ಕೂ ಸಿಗದಷ್ಟು ಸಣ್ಣವು. ಜರಡಿಯ ಕಣ್ಣಿನಿಂದ ಜಾರುವ ಕಾಳಿನಂತೆ ಅವು ತಪ್ಪಿಸಿಕೊಳ್ಳುತ್ತವೆ. ಅವುಗಳ ಒಟ್ಟು ಪರಿಣಾಮವನ್ನು ಅಂದಾಜು ಸೂತ್ರಗಳಿಂದ ಸೇರಿಸಬೇಕಾಗುತ್ತದೆ. ಆ ಸೂತ್ರ ಸರಿಯೇ ತಪ್ಪೇ ಎಂದು ಒರೆಗೆ ಹಚ್ಚುವುದು ಗಾದಂಕಿ, ಕೊಲ್ಹಾಪುರಗಳಂಥ ಕಡೆಗಳ ಅಳತೆಗಳೇ.

ಕೆಳಗೆ ಬಿಸಿ, ಮೇಲೆ ತಂಪು

ಉಷ್ಣತಾ ಮಂಡಲದ ಏರಿಳಿತ ಉಪಗ್ರಹಗಳ ಆಯುಷ್ಯವನ್ನೇ ನಿರ್ಧರಿಸುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿದಾಗ ಅಲ್ಲಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ; ಕಡಿಮೆ ಎತ್ತರದ ಉಪಗ್ರಹಗಳಿಗೆ ತಡೆ ಹೆಚ್ಚುತ್ತದೆ. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ 360 ಕಿಲೊಗ್ರಾಂ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಮೇಲಣ ವಾಯುಮಂಡಲದ ಅಧ್ಯಯನವೂ ಅದರ ಉದ್ದೇಶಗಳಲ್ಲೊಂದಾಗಿತ್ತು. ಸುಮಾರು 600 ಕಿಲೊಮೀಟರ್ ಎತ್ತರದಲ್ಲಿದ್ದ ಅದನ್ನು ಅದೇ ತೆಳುಗಾಳಿ ಹದಿನೇಳು ವರ್ಷಗಳ ಕಾಲ ಸವೆಸುತ್ತ ಬಂದು 1992ರ ಫೆಬ್ರುವರಿಯಲ್ಲಿ ಕೆಳಗೆಳೆಯಿತು. 2022ರ ಫೆಬ್ರುವರಿ 3ರಂದು ಹಾರಿದ ಸ್ಟಾರ್‌ಲಿಂಕ್‌ನ 49 ಉಪಗ್ರಹಗಳಲ್ಲಿ 38 ಕೆಲವೇ ದಿನಗಳಲ್ಲಿ ನಾಶವಾದದ್ದೂ, ಸೌರಬಿರುಗಾಳಿಗೆ ಹಿಗ್ಗಿದ ಈ ಪದರದಿಂದಲೇ.

ಇದರ ನಡುವೆ ದೀರ್ಘಕಾಲದ ಬದಲಾವಣೆಯೊಂದು ನಡೆದಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ನೆಲದ ಬಳಿ ತಾಪ ಏರುತ್ತದೆ. ಆದರೆ ತೆಳುಗಾಳಿಯ ಎತ್ತರದಲ್ಲಿ ಅದೇ ಅನಿಲ ಶಾಖವನ್ನು ಬಾಹ್ಯಾಕಾಶಕ್ಕೆ ಹೊರಸೂಸಿ ತಂಪು ಮಾಡುತ್ತದೆ. ಇದನ್ನು ಸ್ಯುಕುರೊ ಮನಾಬೆ ಮತ್ತು ವೆದರಾಲ್ಡ್ 1967ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು; ಮನಾಬೆ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. 1986ರಿಂದ 2022ರವರೆಗಿನ ಉಪಗ್ರಹ ಅಳತೆಗಳು ಮಧ್ಯ ಹಾಗೂ ಮೇಲಿನ ಸಮೋಷ್ಣ ಮಂಡಲ 1.8ರಿಂದ 2.2 ಡಿಗ್ರಿಯಷ್ಟು ತಂಪಾಗಿರುವುದನ್ನು ದೃಢಪಡಿಸಿವೆ.

ಭೂಮಿ ಬಿಸಿಯಾಗುತ್ತಿರುವುದಕ್ಕೆ ಸೂರ್ಯನೇ ಕಾರಣ ಎಂಬ ವಾದಕ್ಕೆ ಇಲ್ಲಿಯೇ ಉತ್ತರವಿದೆ. ಸೂರ್ಯನ ಕಾವು ಹೆಚ್ಚಿದ್ದರೆ ಮೇಲಿನ ಪದರವೂ ಕಾಯಬೇಕಿತ್ತು. ಕೆಳಗೆ ಬಿಸಿ, ಮೇಲೆ ತಂಪು ಎಂಬ ಈ ಜೋಡಿ ಗುರುತು ಮನುಷ್ಯ ಸುಟ್ಟ ಇಂಧನದ ಕಡೆಗೇ ಬೆರಳು ತೋರಿಸುತ್ತದೆ. ತೊಗರಿಯನ್ನೂ ಬಿಳಿಜೋಳವನ್ನೂ ಮಳೆಯ ಭರವಸೆಯಲ್ಲೇ ಬಿತ್ತುವ ನಾಡಿಗೆ ಈ ತೀರ್ಮಾನ ಸಣ್ಣದಲ್ಲ. ಮೇಲಿನ ಪದರ ತಂಪಾಗಿ ಕುಗ್ಗಿದರೆ ಕೆಟ್ಟುನಿಂತ ಉಪಗ್ರಹಗಳ ಚೂರುಗಳು ಬೇಗ ಬಿದ್ದು ಉರಿಯದೆ, ಇನ್ನೂ ಹೆಚ್ಚು ವರ್ಷ ಕಕ್ಷೆಯಲ್ಲೇ ಸುತ್ತುತ್ತ ಬಳಕೆಯಲ್ಲಿರುವ ಉಪಗ್ರಹಗಳಿಗೆ ಅಪಾಯ ಒಡ್ಡುತ್ತವೆ ಎಂಬುದು ಇನ್ನೊಂದು ಆತಂಕ.

ಹೊಲಕ್ಕೆ ಇಳಿಯುವ ಬಲೂನು

ಈ ವಿಜ್ಞಾನ ನಮ್ಮ ಹೊಲಗಳಿಗೆ ನೇರವಾಗಿ ಇಳಿಯುವುದೂ ಉಂಟು. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರವಿದೆ. ಅಲ್ಲಿಂದ ಹಾರಿಸುವ ದೊಡ್ಡ ಬಲೂನುಗಳು 30–40 ಕಿಲೊಮೀಟರ್ ಎತ್ತರ ಮುಟ್ಟಿ, ಗಾಳಿ ಒಯ್ದಲ್ಲಿಗೆ ತೇಲುತ್ತ, ಕೊನೆಗೆ ಉಪಕರಣಗಳೊಂದಿಗೆ ಕೆಳಗಿಳಿಯುತ್ತವೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಇಂಥ ಬಲೂನು ಇಳಿದಾಗ ಗ್ರಾಮಸ್ಥರು ಬೆಚ್ಚಿಬಿದ್ದಿದ್ದರು. ಸಂಶೋಧನೆಯ ಬಲೂನು ಎಂದು ತಿಳಿದ ಮೇಲೆ ಆತಂಕ ಶಮನವಾಯಿತು.

ಉತ್ತರ ಕರ್ನಾಟಕದ ಯಾವ ಊರಿನಲ್ಲಾದರೂ ಹೀಗಾಗಬಹುದು. ತೆಳು ಪ್ಲಾಸ್ಟಿಕ್ಕಿನ ರಾಶಿ, ಬಣ್ಣದ ಇಳಿಕೊಡೆ, ಅದಕ್ಕೆ ಕಟ್ಟಿದ ಪೆಟ್ಟಿಗೆ ಹೊಲದಲ್ಲಿ ಕಂಡರೆ ಗಾಬರಿ ಬೇಡ. ಪೆಟ್ಟಿಗೆಯನ್ನು ಬಿಚ್ಚುವುದು, ಒಡೆಯುವುದು, ಮನೆಗೆ ಒಯ್ಯುವುದು ಸಲ್ಲದು. ಕೆಲವು ಉಪಕರಣಗಳಲ್ಲಿ ಹೆಚ್ಚಿನ ವೋಲ್ಟೇಜಿನ ವಿದ್ಯುತ್ ಇರಬಹುದಾದ್ದರಿಂದ ಮುಟ್ಟುವುದು ಅಪಾಯಕರವೂ ಹೌದು. ಅದರ ಮೇಲೆ ಅಂಟಿಸಿದ ವಿಳಾಸಕ್ಕೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಸುದ್ದಿ ಮುಟ್ಟಿಸಿದರೆ ಸಾಕು. ಪೆಟ್ಟಿಗೆ ಒಡೆದರೆ ಹಾಳಾಗುವುದು ಯಂತ್ರವೊಂದೇ ಆಗಿರಲಾರದು. ಅಷ್ಟು ಎತ್ತರಕ್ಕೇರಿ ದಾಖಲಿಸಿಕೊಂಡು ಬಂದ ಅಳತೆಗಳೂ ಅದರೊಂದಿಗೆ ಹೋಗುತ್ತವೆ.

ಮುಂದಿನ ವೈಶಾಖದಲ್ಲಿ ಕೃಷ್ಣೆಯ ಮೇಲೆ ಮತ್ತೆ ಮೋಡ ಕಟ್ಟುತ್ತದೆ. ಮಳೆ ಸುರಿದು ನಿಂತ ಬಳಿಕವೂ ಅದು ಎಬ್ಬಿಸಿದ ಅಲೆ 90 ಕಿಲೊಮೀಟರ್ ಎತ್ತರದ ತನ್ನ ದಾರಿಯಲ್ಲಿರುತ್ತದೆ.